ರತ್ನತ್ತೆಯನ್ನು ಮೈಸೂರಿನಲ್ಲಿ ಬಿಟ್ಟು ಬಂದದ್ದು

ಚಿನ್ನದ ಗಣಿಯ ಉರಿಗಾಂನಲ್ಲಿ ಬೆಳೆದವಳು ಎಂದು ಹೇಳಿದ ಕೂಡಲೇ ಜನ ಚಿನ್ನದ ಮಾತು ತೆಗೆಯುತ್ತಾರೆ. ಆ ಕಥೆ ನನ್ನಿಂದ ಯಾರಿಗೂ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಚಿನ್ನವೆಂದು ಇದ್ದದ್ದು ಅಮ್ಮನ ಮೂಗುಬೊಟ್ಟು ಒಂದೇ. ಅದೂ ಗಣಿಯಿಂದ ಬಂದದ್ದಲ್ಲ. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿದ್ದ ಅವಳ ತವರಿನವರು ಒಂದು ವರ್ಷದ ರಾಗಿ ಮಾರಿ ಮಾಡಿಸಿಕೊಟ್ಟದ್ದು. ಗಣಿ ನಮಗೆ ಕೊಟ್ಟದ್ದು ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಎರಡು ಕೋಣೆಯ ಲೈನ್ ಮನೆ ಮತ್ತು ಧೂಳು. ಕಲ್ಲು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಊರ ಪಕ್ಕದಲ್ಲೇ ಗುಡ್ಡ ಗುಡ್ಡವಾಗಿ ಒಟ್ಟಿದ್ದರು. ಗಾಳಿ ಎದ್ದರೆ ಆ ಗುಡ್ಡ ತಗಡಿನ ಸೂರಿನ ಸಂದಿನಿಂದ ಹಿಟ್ಟಿನ ಹಾಗೆ ಇಳಿದು ನಮ್ಮ ಹಾಸಿಗೆ, ನಮ್ಮ ನೀರಿನ ಕೊಡ, ನಮ್ಮ ಮುದ್ದೆಯ ಮೇಲೆ ಕೂರುತ್ತಿತ್ತು. ಮುಂದಿನ ಕೋಣೆಯಲ್ಲಿ ಅಪ್ಪನ ಹಗ್ಗದ ಮಂಚ, ಮುನೇಶ್ವರನ ಪಟ. ಹಿಂದಿನ ಕೋಣೆಯಲ್ಲಿ ಒಲೆ, ರುಬ್ಬುವ ಕಲ್ಲು, ಮತ್ತು ಆ ಕಲ್ಲಿನ ಎರಡೂ ಬದಿಗೆ ಮಲಗುತ್ತಿದ್ದ ನಾವು ಮೂವರು: ನಾನು, ಅಮ್ಮ, ಮತ್ತು ಅಪ್ಪನ ತಂಗಿ ರತ್ನತ್ತೆ.

ರತ್ನತ್ತೆ ಗಂಡನ ಮನೆ ಬಿಟ್ಟು ಬಂದವಳು. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗಲಿಲ್ಲವೆಂದು ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಆ ಹೊಸಬಳು ಹೊಸಿಲು ದಾಟಿ ಒಳಗೆ ಬಂದ ದಿನವೇ ಅತ್ತೆ ಹೊಸಿಲು ದಾಟಿ ಹೊರಗೆ ಬಂದಳು. ಆಂಧ್ರದ ಗಡಿಯ ಆ ಊರಿನಿಂದ ಬಂಗಾರಪೇಟೆಗೆ ಬಸ್ಸಿನಲ್ಲಿ ಬಂದು, ಮಾರಿಕುಪ್ಪಂ ರೈಲು ಹತ್ತಿ, ಕೈಯಲ್ಲಿ ಒಂದು ಚೀಲವೂ ಇಲ್ಲದೆ ನಮ್ಮ ಬಾಗಿಲಲ್ಲಿ ನಿಂತಳು. ಆಗ ನನಗೆ ಎಂಟು ವರ್ಷ. ಅವಳ ಬೆರಳುಗಳನ್ನು ನೋಡಿ ಹೆದರಿದ್ದು ನೆನಪಿದೆ. ಗಂಡನ ಮನೆಯಲ್ಲಿ ರೇಷ್ಮೆ ಗೂಡನ್ನು ಕುದಿಯುವ ನೀರಿನಲ್ಲಿ ಅದ್ದಿ ನೂಲು ಬಿಚ್ಚುತ್ತಿದ್ದಳಂತೆ. ತುದಿ ಬೆರಳುಗಳ ಚರ್ಮ ಬೆಳ್ಳಗೆ, ಸುಕ್ಕಾಗಿ, ಬೇಯಿಸಿದ ಅವರೆಕಾಳಿನ ಸಿಪ್ಪೆಯ ಹಾಗಿತ್ತು.

ಅಮ್ಮನಿಗೂ ಅತ್ತೆಗೂ ಒಂದು ದಿನವೂ ಸರಿಹೋಗಲಿಲ್ಲ. ಅಮ್ಮ ಉಪ್ಪಿನ ಜಾಡಿಯನ್ನು ಒಲೆಯ ಎಡಕ್ಕೆ ಇಟ್ಟರೆ ಅತ್ತೆ ಬಲಕ್ಕೆ ಇಡುವಳು. ಅಮ್ಮನದು ಕಲ್ಲಿನಂಥ ಮುದ್ದೆ, ಅತ್ತೆಗೆ ಬೆಣ್ಣೆಯ ಹಾಗೆ ಇರಬೇಕು. ಬಸ್ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಬೇಕೋ ಸುಟ್ಟು ಹಾಕಬೇಕೋ ಎಂಬುದರ ಮೇಲೆ ಎರಡು ದಿನ ಮಾತು ಬಿಟ್ಟದ್ದೂ ಉಂಟು. ಎಲ್ಲಕ್ಕಿಂತ ದೊಡ್ಡ ಜಗಳ ತಲೆ ಬಾಚುವುದರದ್ದು. ಅಪ್ಪ ಗಣಿಯೊಳಗೆ ಇಳಿದವನು ಮೇಲೆ ಬರುವವರೆಗೆ ಅಮ್ಮ ತಲೆಗೆ ಬಾಚಣಿಗೆ ತಾಕಿಸುತ್ತಿರಲಿಲ್ಲ, ಮುನೇಶ್ವರನ ಮುಂದಿನ ದೀಪ ಆರಲು ಬಿಡುತ್ತಿರಲಿಲ್ಲ. ಅತ್ತೆ ಆ ಹೊತ್ತಿನಲ್ಲೇ ಬಾಗಿಲಲ್ಲಿ ಕೂತು ಎಣ್ಣೆ ಹಚ್ಚಿ ಜಡೆ ಹಾಕಿಕೊಳ್ಳುವಳು.

"ನಿಮ್ಮಣ್ಣ ನೆಲದೊಳ್ಗೆ ಅವ್ರೆ ಕಣೇ. ನಿಂಗೇನೂ ಅನ್ಸಲ್ವಾ?"

"ನಾನ್ ತಲೆ ಬಾಚುದ್ರೆ ಗಣಿ ಕುಸೀತದಾ ಅತ್ಗೆ? ಅಂಗಿದ್ರೆ ಆ ಗಣಿ ಕಟ್ದೋರ್ನ ಕೇಳು, ನನ್ನಲ್ಲ."

ಗೋಡೆಯಾಚೆಯ ಸೆಲ್ವಿ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದಳು. ಲೈನಿನ ಮನೆಗಳಿಗೆ ಒಂದೇ ಗೋಡೆ. ನಮ್ಮ ಜಗಳ ಕನ್ನಡದಲ್ಲಿ ನಡೆದರೆ ಅವಳ ತೀರ್ಪು ತಮಿಳಿನಲ್ಲಿ ಬರುತ್ತಿತ್ತು, ಯಾರೂ ಅದನ್ನು ಪಾಲಿಸುತ್ತಿರಲಿಲ್ಲ. ಅಪ್ಪ ಮಾತ್ರ ಯಾವ ಪಕ್ಷಕ್ಕೂ ಸೇರದೆ, ತಟ್ಟೆಗೆ ಬಿದ್ದದ್ದನ್ನು ತಿಂದು ಏಳುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ ಅತ್ತೆಯ ಗಂಡನ ಅಣ್ಣ, ಅವರ ಊರಿನ ಯಜಮಾನನನ್ನು ಜೊತೆಗೆ ಕರೆದುಕೊಂಡು ಬಂದ. ಅತ್ತೆ ನೀರಿಗೆ ಹೋಗಿದ್ದಳು. ಇಬ್ಬರೂ ಅಪ್ಪನ ಮಂಚದ ಮೇಲೆ ಕೂತು ಬಹಳ ಮರ್ಯಾದೆಯಿಂದ ಮಾತಾಡಿದರು. ಎರಡನೆಯವಳಿಗೆ ಗಂಡು ಮಗುವಾಗಿದೆ. ಅವರ ಮುದುಕಿ ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾಳೆ. ಹಸುಗಳಿವೆ, ರೇಷ್ಮೆ ಹುಳದ ಮನೆಯಿದೆ. ಅಮ್ಮ ಕಾಫಿ ಹಿಡಿದು ನಿಂತಿದ್ದಾಗ ಆ ಅಣ್ಣ ಹೇಳಿದ ಮಾತು ನನಗೂ ಕೇಳಿಸಿತು.

"ಬಂದು ಒಂದು ಮೂಲೇಲಿ ಬಿದ್ದಿರ್ಲಿ. ನಾವೇನು ಬ್ಯಾಡ ಅನ್ನಲ್ಲ. ಮನೇಲಿ ಎರಡು ಕೈ ಬೇಕಾಗೈತೆ."

ಅಪ್ಪ ಒಪ್ಪಿಕೊಂಡ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಬಂದು ಕರೆದುಕೊಂಡು ಹೋಗಿ ಎಂದ. ನನ್ನ ಅಪ್ಪ ಕೆಟ್ಟವನಲ್ಲ. ಅವರು ಹೋದ ಮೇಲೆ ಅಮ್ಮನಿಗೆ ಕೇಳುವ ಹಾಗೆ ಗೋಡೆಯ ಕಡೆ ತಿರುಗಿ ಅವನು ಹೇಳಿದ್ದು ಇಷ್ಟೇ: "ಈ ಮನೆ ಗಣಿಯೋರ್ದು. ನಾಳೆ ನಾನು ಕೆಳಗಿಳ್ದೋನು ಮೇಲಕ್ ಬರ್ದಿದ್ರೆ ನಿಮ್ಮಿಬ್ರಿಗೇ ನೆಲೆ ಇಲ್ಲ. ಅವ್ಳಿಗೆ ಯಾರವ್ರೆ?" ಅವನ ಭಯ ನಿಜವಾದದ್ದು. ಭಯ ನಿಜವಾಗಿದ್ದ ಮಾತ್ರಕ್ಕೆ ಅವನು ಮಾಡಿದ್ದು ಸರಿ ಎಂದು ನಾನು ಅಂದೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಅತ್ತೆ ಕೊಡ ಇಳಿಸಿ, ವಿಷಯ ಕೇಳಿ, ರುಬ್ಬುವ ಕಲ್ಲಿನ ಪಕ್ಕ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅವಳು ಮಾತಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮ ನನ್ನನ್ನು ಕರೆದುಕೊಂಡು ಸೀದಾ ಸೆಲ್ವಿ ಅಕ್ಕನ ಮನೆಗೆ ಹೋದಳು. ಸೆಲ್ವಿ ಅಕ್ಕನ ತಂಗಿ ಕನಕ ಮೈಸೂರಿನ ಒಂದು ರೇಷ್ಮೆ ಗಿರಣಿಯಲ್ಲಿ ಕೆಲಸಕ್ಕಿದ್ದಳು. ನೂಲು ಸುತ್ತುವ ಕಡೆಗೆ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದು ಅಲ್ಲಿಯವರೊಬ್ಬರಿಂದ ಕನ್ನಡದಲ್ಲಿ ಕಾಗದ ಬರೆಸಿದ್ದಳು. ಆ ಕಾಗದವನ್ನು ಅಮ್ಮ ನನ್ನಿಂದ ಎರಡು ಸಲ ಓದಿಸಿದಳು.

"ನೀನ್ಯಾಕೆ ಅವ್ಳಿಗೋಸ್ಕರ ಒದ್ದಾಡ್ತೀಯ?" ಎಂದು ಸೆಲ್ವಿ ಅಕ್ಕ ಕೇಳಿದಳು. "ದಿನಾ ಅವ್ಳ ಜೊತೆ ಸಂಡೆ ಪೋಡ್ತಿದ್ದೋಳು, ಕಿತ್ತಾಡ್ತಿದ್ದೋಳು ನೀನು."

"ಜಗಳ ಆಡೋದು ನಾನು. ಆಡ್ತೀನಿ. ಅಂಗಂತ ಅವ್ಳು ಯಾರ್ದೋ ಮನೇಲಿ ಎರಡು ಕೈ ಆಗಿ ಬಿದ್ದಿರ್ಬೇಕಾ? ಅವ್ಳಿಗೆ ಬಾಯೈತೆ. ಆ ಬಾಯಿ ಎಂಗೈತೆ ಅಂತ ನಂಗೆ ಗೊತ್ತು."

ಅಮ್ಮ ಅಪ್ಪನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ನನ್ನ ಮೂಲಕ. "ನಿಮ್ಮಪ್ಪನ್ಗೆ ಏಳು, ಚಾಮುಂಡಮ್ಮನ್ಗೆ ಅರ್ಕೆ ಐತೆ, ನಾಲ್ಕು ದಿನ ಮೈಸೂರಿಗೆ ಓಗಿ ಬತ್ತೀವಿ. ಗಂಡನ ಮನೆಗೆ ಓಗೋ ಮುಂಚೆ ಅವ್ಳೂ ಒಂದ್ಸಲ ಅಮ್ಮನ ಕಾಲಿಗ್ ಬೀಳ್ಲಿ." ದೇವಿಯ ಹೆಸರು ಬಂದ ಮೇಲೆ ಅಪ್ಪ ಇಲ್ಲ ಎನ್ನಲಾರ. ಹೊರಡುವ ಬೆಳಿಗ್ಗೆ ಸೆಲ್ವಿ ಅಕ್ಕ ಪುಳಿಯೋಗರೆಯ ಗಂಟು ಕೊಟ್ಟು, ಅತ್ತೆಯ ತಲೆ ಸವರಿ "ಪೋಯಿಟ್ಟು ವಾ" ಎಂದಳು. ಹೋಗಿ ಬಾ ಎಂದು ಅದರ ಅರ್ಥ. ಅತ್ತೆ ಗಂಟು ಹಿಡಿದು ಮುಂದೆ ನಡೆದಳು. ಉರಿಗಾಂನಲ್ಲಿ ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನಲ್ಲಿ ಇಳಿದು ಇನ್ನೊಂದು ರೈಲು ಹಿಡಿದೆವು. ಮೈಸೂರು ತಲುಪುವವರೆಗೂ ಅವರಿಬ್ಬರು ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಕಚ್ಚಾಡಿದರು.

ಕನಕ ಒಂದು ವಠಾರದಲ್ಲಿ ಒಂದೇ ಕೋಣೆ ಹಿಡಿದಿದ್ದಳು. ಅಲ್ಲೇ ಉಳಿದೆವು. ಗಿರಣಿಗೆ ಹೋಗಬೇಕಾದದ್ದು ಮೂರನೆಯ ದಿನ. ಅಮ್ಮ ಎರಡನೆಯ ದಿನ ಬೆಟ್ಟ ಹತ್ತಲೇಬೇಕು ಎಂದಳು. ಹರಕೆ ಎಂಬುದು ಅಪ್ಪನಿಗೆ ಹೇಳಿದ ನೆಪ ತಾನೇ ಎಂದು ಅತ್ತೆ ನಕ್ಕರೆ, "ಗಂಡನ್ಗೆ ಸುಳ್ಳು ಏಳ್ಬೋದು, ದೇವ್ರಿಗೆ ಏಳೋಕಾಯ್ತದಾ?" ಎಂದು ಗದರಿಸಿದಳು. ಒಂದೊಂದು ಮೆಟ್ಟಿಲಿಗೂ ಕುಂಕುಮ ಹಚ್ಚುತ್ತಾ ಹತ್ತಿದಳು. ಬೆನ್ನು ಬಗ್ಗಿಸಿಕೊಂಡು, ಏದುಸಿರು ಬಿಡುತ್ತಾ, ಸಾವಿರ ಮೆಟ್ಟಿಲು. ಮೇಲಿನಿಂದ ನೋಡಿದರೆ ಊರಿಗೆ ಊರೇ ಕಾಣುತ್ತಿತ್ತು. ಒಂದು ಕಡೆ ಅರಮನೆಯ ಕೆಂಪು ಗೋಪುರಗಳು, ಇನ್ನೊಂದು ಕಡೆ ಕಾರ್ಖಾನೆಗಳ ಉದ್ದುದ್ದ ಚಾವಣಿ, ಹೊಗೆಯ ಕೊಳವೆ. ಅತ್ತೆ ಅರಮನೆಯ ಕಡೆ ನೋಡಲಿಲ್ಲ. "ನಾಳೆ ನಾವು ಓಗೋದು ಅದ್ರಲ್ಲಿ ಯಾವ್ದು?" ಎಂದು ಕೊಳವೆಗಳನ್ನು ಒಂದೊಂದಾಗಿ ತೋರಿಸಿ ಕೇಳಿದಳು.

ಬೆಟ್ಟ ಇಳಿದು ಅರಮನೆಗೆ ಹೋದೆವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟಾಗ ನೆಲ ಎಷ್ಟು ತಣ್ಣಗಿತ್ತೆಂದರೆ ನಾನು ಮತ್ತೆ ಮತ್ತೆ ಕಾಲು ಎತ್ತಿ ಎತ್ತಿ ಇಟ್ಟೆ. ಬಣ್ಣದ ಗಾಜು, ನವಿಲುಗಳು, ತಲೆ ಎತ್ತಿದರೆ ಕತ್ತು ನೋಯುವಷ್ಟು ಎತ್ತರದ ಕಂಬಗಳು. ನಮ್ಮ ಪಕ್ಕದಲ್ಲಿ ನಡೆಯುತ್ತಿದ್ದ ಪಟ್ಟಣದ ಹೆಂಗಸೊಬ್ಬಳು ಯಾವ ಊರು ಎಂದು ವಿಚಾರಿಸಿದಳು. ಚಿನ್ನದ ಗಣಿಯವರು ಎಂದು ನಾನು ಹೆಮ್ಮೆಯಿಂದ ಹೇಳಿದೆ. "ಓಹೋ, ಹಾಗಾದ್ರೆ ನಿಮ್ಮ ಮನೆ ತುಂಬ ಚಿನ್ನ!" ಎಂದು ಅವಳು ನಕ್ಕಳು. ಅಮ್ಮ ನಗಲಿಲ್ಲ. "ಚಿನ್ನ ಇಲ್ಲ ಕಣಮ್ಮ, ಧೂಳೈತೆ. ಬೇಕಾದ್ರೆ ಒಂದು ಮೂಟೆ ಕಳಿಸ್ಕೊಡ್ತೀವಿ" ಎಂದು ಮುಂದೆ ನಡೆದಳು. ಅತ್ತೆ ಗೋಡೆಯ ಚಿತ್ರಗಳ ಮುಂದೆ ನಿಂತುಬಿಟ್ಟಿದ್ದಳು. ದಸರಾ ಮೆರವಣಿಗೆ. ಆನೆ, ಕುದುರೆ, ಪೇಟದವರು, ಕೊಂಬು ಊದುವವರು. ಪ್ರತಿಯೊಬ್ಬನಿಗೂ ಒಂದೊಂದು ಮುಖ. ಅವಳು ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹುಡುಕುತ್ತಿದ್ದಳು.

"ಏನು ಉಡುಕ್ತಾ ಇದ್ದೀಯ ಅತ್ತೆ?"

"ಇಷ್ಟು ಜನ ನಡೀತಾ ಅವ್ರಲ್ಲ ಮಂಜು, ಇವ್ರಲ್ಲಿ ಎಂಗಸ್ರು ಯಾರಾನ ನಡೀತಾ ಅವ್ರಾ ಅಂತ."

ನಾನೂ ಹುಡುಕಿದೆ. ಸಾಲಿನಲ್ಲಿ ನಡೆಯುವವಳು ಒಬ್ಬಳೂ ನಮ್ಮಿಬ್ಬರ ಕಣ್ಣಿಗೆ ಬೀಳಲಿಲ್ಲ. ಅತ್ತೆ ಸೆರಗು ಕೊಡವಿಕೊಂಡು, "ಓಗ್ಲಿ ಬಿಡು. ಬಣ್ಣ ಚೆನ್ನಾಗೈತೆ" ಎಂದು ಹೊರಟಳು.

ಮಾರನೆಯ ಬೆಳಿಗ್ಗೆ ಗಿರಣಿಯ ಗೇಟಿನ ಮುಂದೆ ನಡೆಯುವ ಹೆಂಗಸರನ್ನು ಕಂಡೆವು. ಕೈಯಲ್ಲಿ ಊಟದ ಡಬ್ಬಿ, ತಲೆಯಲ್ಲಿ ಹೂವು, ನೂರಾರು ಜನ ಬಿರಬಿರನೆ ಒಳಗೆ ಹೋಗುತ್ತಿದ್ದರು. ನಮ್ಮೂರಲ್ಲಿ ಕೆಲಸಕ್ಕೆ ಹೋಗುವ ಗುಂಪೆಂದರೆ ಗಂಡಸರದ್ದು. ಇಷ್ಟು ಹೆಂಗಸರು ಒಟ್ಟಿಗೆ, ಯಾರ ಹಿಂದೆಯೂ ಅಲ್ಲದೆ, ತಮ್ಮ ಪಾಡಿಗೆ ಮಾತಾಡಿಕೊಂಡು ಹೋಗುವುದನ್ನು ನಾನು ನೋಡಿರಲಿಲ್ಲ. ನನಗೆ ಮೈಯೆಲ್ಲ ಜುಂ ಎಂದಿತು. ಅರಮನೆಯನ್ನು ನೋಡಿದಾಗಲೂ ಹಾಗಾಗಿರಲಿಲ್ಲ.

ಕನಕ ನಮ್ಮನ್ನು ಆಫೀಸಿನ ವರಾಂಡಕ್ಕೆ ಕರೆದೊಯ್ದಳು. ಅಲ್ಲಿ ಕನ್ನಡಕದ ಮೇಲ್ವಿಚಾರಕಿಯೊಬ್ಬರು ಅತ್ತೆಯ ಕೈಗೆ ನೂಲಿನ ಉರುಳೆಯೊಂದನ್ನು ಕೊಟ್ಟು, ಎಳೆ ಕಡಿದುಹೋಗಿದೆ, ತುದಿ ಹುಡುಕಿ ಗಂಟು ಹಾಕು ಎಂದರು. ಎಳೆ ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಅತ್ತೆಯೂ ಕಣ್ಣಿನಿಂದ ನೋಡಲಿಲ್ಲ. ಬೆಂದು ಸುಕ್ಕಾದ ಆ ಬೆರಳುಗಳನ್ನು ಉರುಳೆಯ ಮೇಲೆ ಒಮ್ಮೆ ಆಡಿಸಿ, ತುದಿ ಎತ್ತಿ, ಗಂಟು ಹಾಕಿ, ಉಳಿದದ್ದನ್ನು ಹಲ್ಲಿನಲ್ಲಿ ಕಡಿದು ವಾಪಸು ಕೊಟ್ಟಳು. ಆ ಮೇಡಂ ಗಂಟಿನ ಮೇಲೆ ಉಗುರು ಆಡಿಸಿ ನೋಡಿದರು. "ಎಲ್ಲಿ ಕಲಿತೆ?" ಎಂದರು.

"ಗಂಡನ ಮನೇಲಿ. ಅಲ್ಲಿ ಕಲ್ತಿದ್ದು ಇದೊಂದೇ."

ಆಮೇಲೆ ಅರ್ಜಿ ತುಂಬಿಸಿಕೊಳ್ಳುವ ಗುಮಾಸ್ತನ ಮೇಜು. ಅವನು ಹೆಸರು, ಊರು ಬರೆದುಕೊಂಡು ಕಾಗದವನ್ನು ತಿರುಗಿಸಿ ಇಟ್ಟ. ಗಂಡನದೋ ತಂದೆಯದೋ ಸಹಿ ಬೇಕು, ಅವರಿಲ್ಲದಿದ್ದರೆ ಮನೆಯ ಹಿರಿಯರದ್ದು, ನಾಳೆ ಅವರು ಬಂದು ಗಲಾಟೆ ಮಾಡಿದರೆ ಯಾರು ಹೊಣೆ ಎಂದ. ಅತ್ತೆಯ ಕೈ ಮೇಜಿನಿಂದ ಹಿಂದಕ್ಕೆ ಸರಿಯಿತು. ಅಷ್ಟರಲ್ಲಿ ನನ್ನ ಅಮ್ಮ, ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ ಅಮ್ಮ, ಮುಂದೆ ಬಂದು ಪೆನ್ನು ಕೇಳಿದಳು.

"ನೀವು ಇವರಿಗೆ ಏನಾಗ್ಬೇಕು?"

"ಅತ್ಗೆ."

"ಅತ್ತಿಗೆ ಸಹಿ ನಡೆಯಲ್ಲಮ್ಮ. ಮನೆ ಹಿರಿಯರು ಯಾರು?"

"ನಾನೇ. ಇವ್ಳು ಉಣ್ಣೋದು ನಾನ್ ಬೇಯ್ಸಿದ್ದು, ಮಲ್ಗೋದು ನನ್ನ ಪಕ್ಕ. ಜ್ವರ ಬಂದ್ರೆ ನೋಡೋಳು ನಾನು. ಆ ಗಂಡ ಅನ್ನೋನು ಎರಡು ವರ್ಷದಿಂದ ಬದ್ಕವ್ಳಾ ಸತ್ತವ್ಳಾ ಅಂತ ಕೇಳಿಲ್ಲ. ನಾನಲ್ದೆ ಇನ್ಯಾರು ಸ್ವಾಮಿ ಹಿರಿಯರು?"

ಗುಮಾಸ್ತ ಮೇಡಂ ಕಡೆ ನೋಡಿದ. ಅವರು ತಮ್ಮ ಪೆನ್ನನ್ನೇ ಅಮ್ಮನ ಕೈಗೆ ಕೊಟ್ಟರು. ನಾನು ಶಾಲೆಯಲ್ಲಿ ಕಲಿತದ್ದನ್ನು ಒಂದು ಬೇಸಿಗೆಯಲ್ಲಿ ಅವಳಿಗೆ ಹೇಳಿಕೊಟ್ಟಿದ್ದೆ, ಅವಳ ಹೆಸರಿನ ಅಕ್ಷರಗಳು ಮಾತ್ರ. ವೆಂಕಟಮ್ಮ ಎಂದು ಬರೆಯಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು. ಒತ್ತಕ್ಷರ ಗೆರೆಯಿಂದ ಆಚೆ ಹೋಯಿತು. ಬರೆದು ಮುಗಿಸಿ, ಸರಿಯಾಗಿದೆಯಾ ಎಂದು ನನ್ನ ಕಡೆ ನೋಡಿದಳು. ಸರಿಯಾಗಿತ್ತು.

ಅತ್ತೆ ಕನಕನ ಕೋಣೆಯಲ್ಲೇ ಉಳಿದಳು. ರೈಲು ನಿಲ್ದಾಣದಲ್ಲಿ ಅವರಿಬ್ಬರೂ ಅಳಲಿಲ್ಲ. ಅಮ್ಮ, "ಮೆತ್ತಗಿನ ಮುದ್ದೆ ತಿಂದ್ಕೊಂಡು ಸಾಯಿ" ಎಂದಳು, ಅತ್ತೆ ನಕ್ಕಳು.

ನಾವು ಉರಿಗಾಂ ತಲುಪಿದಾಗ ಸಂಜೆ. ಅಪ್ಪ ಬಾಗಿಲಲ್ಲೇ ಕೂತಿದ್ದ. ನಮ್ಮ ಹಿಂದೆ ಮೂರನೆಯವಳು ಬರುತ್ತಾಳೇನೋ ಎಂದು ಬೀದಿಯ ತುದಿಯವರೆಗೆ ನೋಡಿದ.

"ರತ್ನ ಎಲ್ಲಿ?"

ಅಮ್ಮ ನನ್ನ ಮೂಲಕ ಹೇಳಿಸಲಿಲ್ಲ. ಅವನ ಎದುರಿಗೇ ನಿಂತಳು. "ಕೆಲ್ಸಕ್ ಸೇರವ್ಳೆ. ರೇಷ್ಮೆ ಗಿರಣೀಲಿ. ಇನ್ಮೇಲೆ ಅಲ್ಲೇ ಇರ್ತಾಳೆ."

"ಯಾರನ್ನ ಕೇಳಿ ಸೇರಿಸ್ದೆ?"

"ಅವ್ಳನ್ನ ಕೇಳ್ದೆ. ಸಹಿ ಆಕ್ದೋಳು ನಾನು. ಏನ್ ಮಾಡ್ತೀಯೋ ಮಾಡು."

ಲೈನಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಅಪ್ಪ ಕೈ ಎತ್ತಿದ. ನಾನು ಅಮ್ಮನ ಮುಂದೆ ಹೋಗಿ ನಿಂತೆ. ಹತ್ತು ವರ್ಷದ ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಬಂದದ್ದು ಮತ್ತೆ ಹೋಗಲಿಲ್ಲ. "ನಾನೂ ದೊಡ್ಡೋಳಾದ್ಮೇಲೆ ಓಗ್ತೀನಿ ಅಪ್ಪ" ಎಂದೆ. ಅವನ ಕೈ ಕೆಳಗಿಳಿಯಿತು. ಅಂಗಿ ಹಾಕಿಕೊಂಡು ಹೊರಗೆ ಹೋದ.

ಅಂದಿನಿಂದ ಅವನು ಅಮ್ಮ ಮಾಡಿದ್ದನ್ನು ಮುಟ್ಟಲಿಲ್ಲ. ಗಣಿಯ ಹತ್ತಿರದ ಹೋಟೆಲಿನಲ್ಲಿ ತಿಂದು ಬಂದು ಮಲಗುವನು. ಅಮ್ಮ ದಿನವೂ ಅವನ ಪಾಲಿನ ಮುದ್ದೆ ಕಟ್ಟಿ, ತಟ್ಟೆಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನು ತಾನೇ ತಿನ್ನುವಳು. ದೀಪ ಹಚ್ಚುವುದನ್ನೂ ಬಿಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಾಗ ಅಪ್ಪ ರಜೆ ಹಾಕಿ ಬಿಳಿ ಪಂಚೆ ಉಟ್ಟ. ಈಗ ಅವನೂ ನನ್ನ ಮೂಲಕವೇ ಮಾತಾಡಿದ. "ನಿಮ್ಮಮ್ಮನ್ಗೆ ಏಳು, ಮೈಸೂರಿಗ್ ಓಗ್ತಾ ಇದ್ದೀನಿ. ಕರ್ಕೊಂಡೇ ಬತ್ತೀನಿ."

ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. "ಕರ್ಕೊಂಡು ಬಂದ್ರೆ ನಾನು ತಿರ್ಗಾ ಕರ್ಕೊಂಡ್ ಓಗಿ ಬಿಟ್ಟು ಬತ್ತೀನಿ ಅಂತ ಏಳು. ರೈಲು ದಿನಾ ಓಡ್ತೈತೆ."

ಮೂರನೆಯ ದಿನ ಮಧ್ಯಾಹ್ನ ಅಪ್ಪ ಒಬ್ಬನೇ ಬಂದ. ಏನಾಯಿತು ಎಂದು ಹೇಳಲಿಲ್ಲ. ಕೈಕಾಲು ತೊಳೆದು ಒಳಗೆ ಬಂದು, ಗೋಡೆಗೆ ಒರಗಿ ಕೂತು, ತಟ್ಟೆ ಎಳೆದುಕೊಂಡ. ಅಮ್ಮ ಬಡಿಸಿದಳು. ಅವನು ತಿಂದ. ಅಷ್ಟೇ.

ಮುಂದಿನ ವಾರ ಅತ್ತೆಯ ಗಂಡನ ಅಣ್ಣನೂ ಆ ಯಜಮಾನನೂ ಅವಳನ್ನು ಕರೆದೊಯ್ಯಲು ಬಂದರು. ಅಪ್ಪ ಅವರನ್ನು ಮಂಚದ ಮೇಲೆ ಕೂರಿಸಲಿಲ್ಲ. ಹೊಸಿಲಲ್ಲೇ ನಿಂತು, "ಅವ್ಳು ಬರಲ್ಲ. ಕೆಲ್ಸದಲ್ಲವ್ಳೆ. ನಾನೇ ಕಣ್ಣಾರೆ ನೋಡ್ಕೊಂಡು ಬಂದೆ" ಎಂದ. ಕೊಟ್ಟ ಮಾತು ಏನಾಯಿತು, ನಿನ್ನ ಹೆಂಡತಿಯ ಮಾತು ಕೇಳಿ ಕುಣಿಯುತ್ತೀಯಾ ಎಂದು ಯಜಮಾನ ಹಂಗಿಸಿದ. "ಮಾತು ಕೊಟ್ಟೋನು ನಾನು. ಓಗ್ಬೇಕಾದೋಳು ಅವ್ಳು. ನಂದು ತಪ್ಪಾಯ್ತು, ಓಗ್ಬನ್ನಿ" ಎಂದು ಅಪ್ಪ ಬಾಗಿಲು ಹಾಕಿದ. ಅಮ್ಮ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಅವನನ್ನು ಹೊಗಳಲಿಲ್ಲ. ಮಾಡಬೇಕಾದದ್ದನ್ನು ಮಾಡಿದವನನ್ನು ಹೊಗಳುವುದು ಅವಳ ಪದ್ಧತಿಯಲ್ಲ, ನನ್ನದೂ ಅಲ್ಲ.

ಆ ದಿನ ಮೈಸೂರಿನಲ್ಲಿ ನಡೆದದ್ದು ನನಗೆ ತಿಳಿದದ್ದು ಏಳು ವರ್ಷದ ಮೇಲೆ, ಕಾಲೇಜಿಗೆಂದು ನಾನೂ ಅತ್ತೆಯ ಕೋಣೆಗೆ ಹೋಗಿ ಸೇರಿಕೊಂಡಾಗ. ಅಪ್ಪ ಗಿರಣಿಯ ಗೇಟಿನ ಎದುರಿಗೆ ಬೆಳಗಿನಿಂದ ಕಾದು ನಿಂತಿದ್ದನಂತೆ. ಊಟದ ಬಿಡುವಿನಲ್ಲಿ ಹೊರಗೆ ಬಂದ ಅತ್ತೆ ಅವನನ್ನು ಕಂಡಳು. ಓಡಲಿಲ್ಲ. ಹತ್ತಿರ ಹೋಗಿ, ಉಂಡೆಯಾ ಅಣ್ಣ ಎಂದು ಕೇಳಿದಳು. ಅವನು, ನಡೆ ಮನೆಗೆ ಎಂದ. ಮೊದಲು ಉಣ್ಣು, ಆಮೇಲೆ ಮಾತು ಎಂದು ಅವಳು ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಅಣ್ಣ ತಂಗಿ ಅರ್ಧ ಅರ್ಧ ತಿಂದರು. ನಾನು ಬರುವುದಿಲ್ಲ, ನೀನು ಹೊಡೆದರೂ ಬರುವುದಿಲ್ಲ, ಹೊತ್ತುಕೊಂಡು ಹೋದರೂ ನಾಳೆ ವಾಪಸು ಬರುತ್ತೇನೆ ಎಂದು ಅವಳು ಹೇಳಿದಳು. ಅಪ್ಪ ಬೈಯಲು ಬಾಯಿ ತೆರೆದ. ಆಗ ಗಿರಣಿಯ ಸೈರನ್ ಕೂಗಿತು. ಇಪ್ಪತ್ತು ವರ್ಷ ಅಂಥದೇ ಕೂಗಿಗೆ ಎದ್ದು ನೆಲದೊಳಗೆ ಇಳಿದಿದ್ದವನು ನನ್ನ ಅಪ್ಪ. ಅವನು ತಟ್ಟನೆ ಎದ್ದು ನಿಂತ, ಡಬ್ಬಿಯ ಮುಚ್ಚಳ ಹಾಕಿ ಅವಳ ಕೈಗಿಟ್ಟ.

"ಏಳು, ಏಳು. ಕೂಗು ಬಿತ್ತು. ಕೆಲ್ಸಕ್ಕೆ ತಡ ಮಾಡ್ಬಾರ್ದು" ಎಂದನಂತೆ.